ಸದಸ್ಯರಿಗೆ ಕಳಿಸಿದ ಪತ್ರ ಸ್ಪ್ಯಾಮ್‌ಗೆ ಬೀಳುವುದೇಕೆ?

(ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಯಾವುದಾದರೊಂದು ಸಂಘದ ಪತ್ರವ್ಯವಹಾರ ನೋಡಿಕೊಳ್ಳುವವರು. ಹಳೆ ವಿದ್ಯಾರ್ಥಿಗಳ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಸಾಹಿತ್ಯ ಬಳಗ, ಚಾರಣದ ಗುಂಪು. ರಾಜ್ಯೋತ್ಸವದ ಆಹ್ವಾನ, ವಾರ್ಷಿಕ ಮಹಾಸಭೆಯ ನೋಟಿಸು, ಸದಸ್ಯತ್ವ ನವೀಕರಣ ಅಂತ ನೂರಾರು ಜನರಿಗೆ, ಕೆಲವೊಮ್ಮೆ ಸಾವಿರಾರು ಜನರಿಗೆ ಒಟ್ಟಿಗೆ ಇಮೇಲ್ ಕಳಿಸುತ್ತೀರಿ. ಕಾರ್ಯಕ್ರಮ ಮುಗಿದ ಮೇಲೆ ಯಾರೋ ಸಿಕ್ಕಿ "ನನಗೆ ಹೇಳಲೇ ಇಲ್ವಲ್ಲ" ಅಂತಾರೆ. ಅವರ ಫೋನ್ ತೆಗೆಸಿ ನೋಡಿದರೆ, ಲಾಟರಿ ಮತ್ತು ಸಾಲದ ಆಫರುಗಳ ಮಧ್ಯೆ ನಿಮ್ಮ ಪತ್ರ ಬಿದ್ದಿರುತ್ತದೆ.

ಸಂಬಳವಿಲ್ಲದೆ, ರಾತ್ರಿ ಊಟ ಮುಗಿಸಿ ಕೂತು ಈ ಕೆಲಸ ಮಾಡುವವರು ನೀವು. ಅದು ಹೀಗೆ ವ್ಯರ್ಥವಾದರೆ ಬೇಜಾರಾಗುತ್ತದೆ. ಆಗ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಪದ ಬರೆದಿದ್ದಕ್ಕೆ ಹೀಗಾಯ್ತು?" 'ಉಚಿತ' ಅಂತ ಬರೆದಿದ್ದಕ್ಕಾ, ಆಶ್ಚರ್ಯ ಚಿಹ್ನೆ ಜಾಸ್ತಿ ಆಯ್ತಾ ಅಂತ. ಬಹಳ ವರ್ಷಗಳಿಂದ ಮೇಲ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿರುವವನಾಗಿ ಹೇಳುತ್ತೇನೆ, ತೊಂದರೆ ಪತ್ರದಲ್ಲಿ ಇರುವುದು ಕಡಿಮೆ, ಪಟ್ಟಿಯಲ್ಲಿ ಇರುವುದೇ ಜಾಸ್ತಿ. ಯಾರಿಗೆ ಕಳಿಸುತ್ತಿದ್ದೀರಿ, ಅವರ ವಿಳಾಸ ನಿಮಗೆ ಹೇಗೆ ಸಿಕ್ಕಿತು, ಬೇಡ ಅಂದವರನ್ನು ಎಷ್ಟು ಬೇಗ ಬಿಡುತ್ತೀರಿ. ಇವತ್ತು ನಾನು ಮುಖ್ಯವಾಗಿ ಮಾತಾಡುವುದು ಇದರ ಬಗ್ಗೆ.

ಆದರೆ ಅದಕ್ಕೂ ಮೊದಲು ಗುರುತಿನ ವಿಚಾರ ಮುಗಿಸಬೇಕು. ಅದಿಲ್ಲದೆ ಈಗ ಬಾಗಿಲೊಳಗೇ ಬಿಡುವುದಿಲ್ಲ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ಜಾಲದಲ್ಲಿ ಇದ್ದವರು ಬಹುಪಾಲು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಜನ. ಪರಸ್ಪರ ನಂಬಿಕೆ ಇತ್ತು. ಅಂಚೆ ಲಕೋಟೆಯ ಹಿಂದೆ ಯಾರ ಹೆಸರು ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದಲ್ಲ, ಇಲ್ಲೂ ಹಾಗೆಯೇ. ಕಳಿಸಿದವರ ಜಾಗದಲ್ಲಿ ಬರೆದ ವಿಳಾಸ ನಿಜವೋ ಸುಳ್ಳೋ ಅಂತ ನೋಡುವ ಏರ್ಪಾಡೇ ಅದರಲ್ಲಿ ಇರಲಿಲ್ಲ. ಬ್ಯಾಂಕಿನ ಹೆಸರಲ್ಲಿ ಮೋಸದ ಮೇಲ್ ಬರುವುದು ಈ ಸಂದಿಯಿಂದಲೇ. ಅದನ್ನು ಮುಚ್ಚಲು ಆಮೇಲೆ ಮೂರು ವ್ಯವಸ್ಥೆಗಳು ಬಂದವು.

ಮೊದಲನೆಯದು ಎಸ್‌ಪಿಎಫ್. ನಿಮ್ಮ ಡೊಮೈನ್‌ನ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಡಿಎನ್‌ಎಸ್‌ನಲ್ಲಿ, ಅಂದರೆ ಆ ಹೆಸರಿನ ವಿವರಗಳನ್ನು ಯಾರು ಬೇಕಾದರೂ ಕೇಳಿ ನೋಡಬಹುದಾದ ಜಾಲದ ದಾಖಲೆಯಲ್ಲಿ, ಒಂದು ಸಾಲು ಸೇರಿಸುತ್ತೀರಿ. "ನಮ್ಮ ಹೆಸರಲ್ಲಿ ಮೇಲ್ ಕಳಿಸಲು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಅನುಮತಿ" ಎನ್ನುವ ಸಾಲು ಅದು. ಎರಡನೆಯದು ಡಿಕೆಐಎಂ. ಇದರಲ್ಲಿ ಪ್ರತಿ ಪತ್ರಕ್ಕೂ ಒಂದು ಡಿಜಿಟಲ್ ಸಹಿ ಬೀಳುತ್ತದೆ. ದಾರಿಯಲ್ಲಿ ಯಾರಾದರೂ ತಿದ್ದಿದರೆ ಸಹಿ ಹೊಂದುವುದಿಲ್ಲ. ಮೂರನೆಯದು 2012ರಲ್ಲಿ ಬಂದ ಡಿಮಾರ್ಕ್. ಓದುವವರ ಕಣ್ಣಿಗೆ ಕಾಣುವ ವಿಳಾಸಕ್ಕೂ ಈ ಎರಡು ಪರೀಕ್ಷೆಗಳಲ್ಲಿ ಪಾಸಾದ ಡೊಮೈನ್‌ಗೂ ತಾಳೆಯಾಗುತ್ತದೆಯೇ ಎಂದು ಅದು ನೋಡುತ್ತದೆ. ಆಗದಿದ್ದರೆ ಏನು ಮಾಡಬೇಕು ಅಂತ ಹೇಳುವವರು ನೀವೇ: ಸುಮ್ನೆ ವರದಿ ಕೊಡು, ಸ್ಪ್ಯಾಮ್‌ಗೆ ಹಾಕು, ಅಥವಾ ವಾಪಸ್ ಕಳಿಸು.

ಇದು ಸರಿಯಾಗಿದೆಯೇ ಅಂತ ನೋಡಲು ತಜ್ಞರು ಬೇಕಿಲ್ಲ. ನಿಮ್ಮ ಸಂಘದಿಂದ ಹೋದ ಪತ್ರವೊಂದನ್ನು ಕಂಪ್ಯೂಟರಿನಲ್ಲಿ ಜಿಮೇಲ್‌ನಲ್ಲಿ ತೆರೆಯಿರಿ. ಬಲಗಡೆ ಮೂರು ಚುಕ್ಕಿ ಇದೆ. ಅದನ್ನು ಒತ್ತಿ 'ಶೋ ಒರಿಜಿನಲ್' ಆರಿಸಿ. ಹೊಸ ಪುಟದ ಮೇಲ್ಭಾಗದಲ್ಲಿ ಚಿಕ್ಕ ಕೋಷ್ಟಕ ಬರುತ್ತದೆ. ಅದರಲ್ಲಿ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಎದುರೂ 'ಪಾಸ್' ಅಂತ ಇರಬೇಕು. ಡಿಕೆಐಎಂ ಎದುರು ನಿಮ್ಮ ಡೊಮೈನ್ ಹೆಸರೇ ಇರಬೇಕು. ಮೇಲ್ ಕಳಿಸುವ ಸೇವೆಯವರ ಹೆಸರು ಮಾತ್ರ ಇದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಅರ್ಥ.

ಸಾಮಾನ್ಯವಾಗಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಹಳೆಯ ಕಾರ್ಯದರ್ಶಿ ಒಂದು ಎಸ್‌ಪಿಎಫ್ ಸಾಲು ಹಾಕಿರುತ್ತಾರೆ, ಹೊಸಬರು ಬಂದು ಇನ್ನೊಂದು ಹಾಕುತ್ತಾರೆ. ಒಂದು ಡೊಮೈನ್‌ಗೆ ಎರಡು ಎಸ್‌ಪಿಎಫ್ ಸಾಲು ಇದ್ದರೆ ಎರಡೂ ಕೆಲಸ ಮಾಡುವುದಿಲ್ಲ. ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು. ಆ ಸಾಲನ್ನು ಪರೀಕ್ಷಿಸಲು 10ಕ್ಕಿಂತ ಹೆಚ್ಚು ಸಲ ಡಿಎನ್‌ಎಸ್ ಕೇಳಬೇಕಾಗಿ ಬಂದರೂ ಅದು ಕೆಡುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಸಂಘಕ್ಕೆ ಸ್ವಂತ ಡೊಮೈನ್ ಇಲ್ಲ ಅಂತ ಜಿಮೇಲ್ ಅಥವಾ ಯಾಹೂ ವಿಳಾಸವನ್ನೇ ಕೊಟ್ಟು, ಬೇರೆ ಸೇವೆಯ ಮೂಲಕ ಪತ್ರ ಕಳಿಸುವುದು. ಯಾಹೂ 2014ರ ಏಪ್ರಿಲ್‌ನಲ್ಲೇ ಇಂಥ ಪತ್ರಗಳನ್ನು ವಾಪಸ್ ಕಳಿಸಿ ಎಂದು ಡಿಮಾರ್ಕ್ ಮೂಲಕ ಲೋಕಕ್ಕೆಲ್ಲ ಹೇಳಿಬಿಟ್ಟಿತು. ಜಿಮೇಲ್ ಕೂಡ ಈಗ ಇದನ್ನು ಒಪ್ಪುವುದಿಲ್ಲ. ಹಾಗಾಗಿ ದಯವಿಟ್ಟು ಸ್ವಂತ ಡೊಮೈನ್ ತಗೊಳ್ಳಿ. ಸಂಘದ ಒಂದು ಸಭೆಯ ಕಾಫಿ-ತಿಂಡಿಗೆ ಆಗುವಷ್ಟು ದುಡ್ಡೂ ಅದಕ್ಕೆ ಬೇಕಾಗುವುದಿಲ್ಲ.

ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ ತುಂಬಿ ಸ್ವಂತ ಜಿಮೇಲ್‌ನಿಂದ ಕಳಿಸುವವರು ಇಲ್ಲಿ ಇದ್ದೀರಿ ಅಂತ ನನಗೆ ಗೊತ್ತು. ಉಚಿತ ಖಾತೆಯಿಂದ ದಿನಕ್ಕೆ 500 ಜನರಿಗಷ್ಟೇ ಕಳಿಸಬಹುದು. ದಾಟಿದರೆ ಖಾತೆಯಿಂದ ಕಳಿಸುವುದು ಕೆಲ ಹೊತ್ತು ನಿಂತುಹೋಗುತ್ತದೆ. ಬಿಸಿಸಿ ಬದಲು ಸಿಸಿಯಲ್ಲಿ ಹಾಕಿದರಂತೂ ಎಲ್ಲರ ವಿಳಾಸ ಎಲ್ಲರಿಗೂ ಸಿಕ್ಕಿತು. ಸದಸ್ಯರು ನಿಮ್ಮನ್ನು ನಂಬಿ ಕೊಟ್ಟದ್ದು ಅದು.

ಈಗ 2024ರ ನಿಯಮಗಳು. ಗೂಗಲ್ ಮತ್ತು ಯಾಹೂ ಇವನ್ನು 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ, 2024ರ ಫೆಬ್ರವರಿಯಿಂದ ಜಾರಿಗೆ ತಂದವು. ದಿನಕ್ಕೆ 5,000ಕ್ಕಿಂತ ಜಾಸ್ತಿ ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ನಾನು ಹೇಳಿದ ಮೂರೂ ಕಡ್ಡಾಯ. ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ವ್ಯವಸ್ಥೆಯೂ ಕಡ್ಡಾಯ. ಮೈಕ್ರೋಸಾಫ್ಟ್ ಸಹ 2025ರ ಮೇ ತಿಂಗಳಿಂದ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಇದೇ ದಾರಿ ಹಿಡಿಯಿತು. "ನಮ್ಮದು 800 ಜನರ ಸಂಘ, ನಮಗೇಕೆ?" ಅನ್ನಬೇಡಿ. ಚಿಕ್ಕವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಇರಲೇಬೇಕು. ಉಳಿದದ್ದನ್ನು ಮಾಡಿಟ್ಟರೆ ನಿಮಗೇ ಒಳ್ಳೆಯದು.

ಆ ನಿಯಮಗಳಲ್ಲಿ ಒಂದು ಅಂಕಿ ಇದೆ. ಅದರ ಮುಂದೆ ಸ್ವಲ್ಪ ನಿಲ್ಲೋಣ. ಪತ್ರ ಪಡೆದವರಲ್ಲಿ 'ಸ್ಪ್ಯಾಮ್' ಗುಂಡಿ ಒತ್ತುವವರ ಪ್ರಮಾಣ ಶೇ 0.1ರ ಕೆಳಗೆ ಇರಬೇಕು, ಯಾವತ್ತೂ ಶೇ 0.3 ಮುಟ್ಟಬಾರದು ಅಂತ ಗೂಗಲ್ ಹೇಳುತ್ತದೆ. ಕೇಳಲು ಸಣ್ಣ ಸಂಖ್ಯೆ. ಲೆಕ್ಕ ಹಾಕಿ. 1,000 ಜನಕ್ಕೆ ಕಳಿಸಿದರೆ ಮೂರೇ ಮೂರು ಮಂದಿ ಒತ್ತಿದರೆ ಸಾಕು, ಗೆರೆ ಮುಟ್ಟಿದಿರಿ. ಉಳಿದ 997 ಜನ ನಿಮ್ಮ ಪತ್ರಕ್ಕಾಗಿ ಕಾಯುತ್ತಿದ್ದರೂ ಮುಂದಿನ ಪತ್ರ ಅವರಿಗೂ ತಲುಪದೆ ಹೋಗಬಹುದು. ಆ ಮೂವರು ಕೆಟ್ಟವರೇನಲ್ಲ. "ಇದು ಯಾರು? ನನ್ನ ವಿಳಾಸ ಇವರಿಗೆ ಯಾರು ಕೊಟ್ಟರು?" ಅಂತ ಗೊತ್ತಾಗದೆ ಒತ್ತಿದವರು.

ಅದಕ್ಕೇ ಪಟ್ಟಿಯ ಮಾತು ಬರುತ್ತದೆ.

ಜಗತ್ತಿನ ಮೊದಲ ಸ್ಪ್ಯಾಮ್ ಅಂತ ಯಾವುದನ್ನು ಹೇಳುತ್ತಾರೆ ಗೊತ್ತಾ? 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್ ಇಂಟರ್‌ನೆಟ್‌ಗೂ ಮೊದಲಿನ ಅರ್ಪಾನೆಟ್ ಎಂಬ ಜಾಲದ ಸುಮಾರು 400 ಜನಕ್ಕೆ ಒಂದು ಪತ್ರ ಕಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನವಿದೆ, ಬನ್ನಿ ಅಂತ. ಅದರಲ್ಲಿ ಮೋಸ ಇರಲಿಲ್ಲ. ಕಂಪನಿ ನಿಜ, ಕಾರ್ಯಕ್ರಮ ನಿಜ. ನಿಮ್ಮ ನನ್ನ ಪತ್ರದಂತೆ ಅದೂ ಒಂದು ಆಹ್ವಾನವೇ. ಆದರೂ ಪಡೆದವರು ಸಿಟ್ಟಾದರು, ಜಾಲ ನಡೆಸುವವರಿಂದ ಛೀಮಾರಿ ಬಿತ್ತು. ಕಾರಣ ಇಷ್ಟೇ, ಅವರಲ್ಲಿ ಯಾರೂ ಆ ಪತ್ರವನ್ನು ಕೇಳಿರಲಿಲ್ಲ. ಮುದ್ರಿತ ಡೈರೆಕ್ಟರಿ ನೋಡಿ ವಿಳಾಸಗಳನ್ನು ಎತ್ತಿಕೊಂಡಿದ್ದರು.

ನಮ್ಮ ಸಂಘಗಳ ಪಟ್ಟಿಗಳೂ ಹೀಗೆಯೇ ಬೆಳೆಯುತ್ತವೆ, ಅಲ್ವಾ? ಒಂದು ಎಕ್ಸೆಲ್ ಹಾಳೆ ಇರುತ್ತದೆ. ಮೊದಲ ಇನ್ನೂರು ಸಾಲು ನಿಜವಾದ ಸದಸ್ಯರು. ಆಮೇಲೆ ಕಾರ್ಯಕ್ರಮದ ಬಾಗಿಲಲ್ಲಿ ಇಟ್ಟ ನೋಂದಣಿ ಪುಸ್ತಕದಿಂದ ಟೈಪ್ ಮಾಡಿದ್ದು. ಆಮೇಲೆ ಅಧ್ಯಕ್ಷರ ಜೇಬಿನ ವಿಸಿಟಿಂಗ್ ಕಾರ್ಡುಗಳು. ಆಮೇಲೆ "ನಮ್ಮ ಬಳಗದ ಲಿಸ್ಟನ್ನೂ ಸೇರಿಸ್ಕೊಳ್ಳಿ" ಅಂತ ಇನ್ನೊಂದು ಸಂಘದವರು ಪ್ರೀತಿಯಿಂದ ಕೊಟ್ಟ ಹಾಳೆ. ಹತ್ತು ವರ್ಷವಾದರೂ ಒಂದು ಹೆಸರೂ ಅಳಿಸಿಲ್ಲ. ಉದ್ದೇಶ ಎಲ್ಲರದೂ ಒಳ್ಳೆಯದೇ. ಆದರೆ ಆ ಹಾಳೆಯಲ್ಲಿ ನಿಮ್ಮ ಪತ್ರ ಬೇಕು ಅಂದವರು ಯಾರು, ಅನ್ನದವರು ಯಾರು ಅಂತ ಈಗ ಯಾರಿಗೂ ಗೊತ್ತಿಲ್ಲ.

ಆ ಹಳೆಯ ಸಾಲುಗಳು ಸುಮ್ನೆ ಬಿದ್ದಿರುವುದಿಲ್ಲ, ತೊಂದರೆ ಕೊಡುತ್ತವೆ. ಕೆಲಸ ಬಿಟ್ಟವರ ಕಚೇರಿ ವಿಳಾಸ ಸತ್ತಿರುತ್ತದೆ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಾ ಬಂದಿದೆ. ಇಂಥ ವಿಳಾಸಕ್ಕೆ ಕಳಿಸಿದರೆ '550 5.1.1' ಎಂಬ ಸಂಖ್ಯೆಯ ಉತ್ತರ ಬರುತ್ತದೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ. ಅದನ್ನು ನೋಡಿದ ದಿನವೇ ಆ ಸಾಲು ತೆಗೆಯಿರಿ. 4ರಿಂದ ಶುರುವಾಗುವ ಸಂಖ್ಯೆ ಬಂದರೆ ಅದು ತಾತ್ಕಾಲಿಕ, ಸರ್ವರ್ ಬಿಡುವಿಲ್ಲ ಅಥವಾ ಡಬ್ಬಿ ತುಂಬಿದೆ ಅಂತ. ಅದಕ್ಕೆ ಅವಸರ ಬೇಡ. ಆದರೆ ಇಲ್ಲದವರಿಗೇ ಪದೇ ಪದೇ ಕಳಿಸುತ್ತಿದ್ದರೆ ವಿಳಾಸಗಳನ್ನು ಎಲ್ಲಿಂದಲೋ ಎತ್ತಿಕೊಂಡವರ ಥರ ನೀವು ಕಾಣುತ್ತೀರಿ.

ಇದಕ್ಕಿಂತ ಗಂಭೀರವಾದದ್ದು ಸ್ಪ್ಯಾಮ್ ಟ್ರ್ಯಾಪ್. ಸ್ಪ್ಯಾಮರ್‌ಗಳನ್ನು ಹಿಡಿಯಲೆಂದೇ ಇಟ್ಟ ವಿಳಾಸಗಳು ಇವು. ಕೆಲವು ಹಳೆಯ, ಮಾಲೀಕರು ಬಿಟ್ಟುಹೋದ ವಿಳಾಸಗಳು. ಇನ್ನು ಕೆಲವು ಜನ ಟೈಪ್ ಮಾಡುವಾಗ ತಪ್ಪುವ ಡೊಮೈನ್‌ಗಳು, ಜಿಮೇಲ್ ಸ್ಪೆಲಿಂಗಿನಲ್ಲಿ ಎರಡು ಅಕ್ಷರ ಹಿಂದೆಮುಂದೆ ಆದಂಥವು. ನೋಂದಣಿ ಪುಸ್ತಕದ ಕೈಬರಹ ಓದಿ ಟೈಪ್ ಮಾಡುವಾಗ ಇಂಥವು ಎಷ್ಟು ಸುಲಭವಾಗಿ ನುಸುಳುತ್ತವೆ ಯೋಚಿಸಿ. ಅಂಥ ವಿಳಾಸದ ಹಿಂದೆ ಮನುಷ್ಯರೇ ಇಲ್ಲ, ಆದ್ದರಿಂದ ಅದು ನಿಮ್ಮ ಪತ್ರ ಕೇಳಿರಲು ಸಾಧ್ಯವೇ ಇಲ್ಲ. 1998ರಿಂದ ಕೆಲಸ ಮಾಡುತ್ತಿರುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಂಥ ಸುಳಿವುಗಳನ್ನೂ ನೋಡಿ ತಡೆಪಟ್ಟಿ ಮಾಡುತ್ತವೆ. ಲೋಕದ ಎಷ್ಟೋ ಮೇಲ್ ಸರ್ವರ್‌ಗಳು ಆ ಪಟ್ಟಿ ನೋಡಿಯೇ ಪತ್ರ ಒಳಗೆ ಬಿಡುತ್ತವೆ.

ಹಾಗಾದರೆ ಸರಿಯಾದ ದಾರಿ ಯಾವುದು? ವಿಳಾಸ ಸಿಕ್ಕ ಕೂಡಲೇ ಒಂದೇ ಒಂದು ಚಿಕ್ಕ ಪತ್ರ ಕಳಿಸಿ: "ನಿನ್ನೆಯ ಕಾರ್ಯಕ್ರಮದಲ್ಲಿ ನಿಮ್ಮ ವಿಳಾಸ ಕೊಟ್ಟಿದ್ದೀರಿ. ಮುಂದೆ ನಮ್ಮ ಪತ್ರಗಳು ಬೇಕಾದರೆ ಇದನ್ನು ಒತ್ತಿ." ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸಿ. ಒತ್ತದವರಿಗೆ ಎರಡನೇ ಪತ್ರ ಬೇಡ. ಪಟ್ಟಿ ಚಿಕ್ಕದಾಗುತ್ತದೆ ಅಂತ ಸಮಿತಿಯಲ್ಲಿ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ. "ಎರಡು ಸಾವಿರ ಇದ್ದದ್ದು ಏಳುನೂರಕ್ಕೆ ಇಳಿಸಿದ್ರಲ್ಲಪ್ಪಾ" ಅಂತಾರೆ. ಆ ಏಳುನೂರು ಜನಕ್ಕೆ ಪತ್ರ ತಲುಪುತ್ತದೆ ಅಂತ ಅವರಿಗೆ ವಿವರಿಸಿ. ಮೊದಲು ಅವರಿಗೂ ತಲುಪುತ್ತಿರಲಿಲ್ಲ.

ಪಟ್ಟಿಯ ಪ್ರತಿ ಸಾಲಿನ ಎದುರು ಇನ್ನೆರಡು ಕಾಲಂ ಇಡಿ: ವಿಳಾಸ ಯಾವತ್ತು ಸಿಕ್ಕಿತು, ಎಲ್ಲಿಂದ ಸಿಕ್ಕಿತು. ನಾಳೆ ಯಾರಾದರೂ "ನನ್ನ ವಿಳಾಸ ಎಲ್ಲಿ ಸಿಕ್ಕಿತು?" ಅಂತ ಕೇಳಿದರೆ ಮರ್ಯಾದೆಯಿಂದ ಉತ್ತರ ಕೊಡಬಹುದು. ದುಡ್ಡು ಕೊಟ್ಟು ಪಟ್ಟಿ ಕೊಳ್ಳುವ ಮಾತಂತೂ ಬೇಡವೇ ಬೇಡ. ಎಷ್ಟೇ ಒಳ್ಳೆಯ ಕಾರ್ಯಕ್ರಮವಾದರೂ ಸರಿ.

ಹೊರಹೋಗುವ ದಾರಿಯ ವಿಚಾರದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. 'ಅನ್‌ಸಬ್‌ಸ್ಕ್ರೈಬ್' ಲಿಂಕನ್ನು ಬಚ್ಚಿಡುವವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುತ್ತಾರೆ. ಪತ್ರ ಬೇಡವಾದವರ ಮುಂದೆ ಇರುವುದು ಎರಡೇ ದಾರಿ, ಹೊರಹೋಗುವ ಲಿಂಕ್ ಅಥವಾ ಸ್ಪ್ಯಾಮ್ ಗುಂಡಿ. ಲಿಂಕ್ ಬೂದು ಬಣ್ಣದಲ್ಲಿ, ಸಣ್ಣ ಅಕ್ಷರದಲ್ಲಿ, ಕೊನೆಯಲ್ಲಿದ್ದರೆ ಕೈ ಗುಂಡಿಗೇ ಹೋಗುತ್ತದೆ. ಲಿಂಕ್ ಒತ್ತಿದವರು ಸದ್ದಿಲ್ಲದೆ ಹೋಗುತ್ತಾರೆ. ಗುಂಡಿ ಒತ್ತಿದವರ ದೂರು ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ.

ಒಂದೇ ಒತ್ತಿನ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ. ಕಣ್ಣಿಗೆ ಕಾಣದ ಹೆಡರ್ ಭಾಗದಲ್ಲಿ ಎರಡು ಸಾಲು ಸೇರಿಸಿದರೆ, ಜಿಮೇಲ್ ತಾನೇ ಕಳಿಸಿದವರ ಹೆಸರಿನ ಪಕ್ಕ ಹೊರಹೋಗುವ ಗುಂಡಿ ತೋರಿಸಬಲ್ಲದು. ಯಾಕೆ ಎರಡು ಸಾಲು, ಒಂದು ಲಿಂಕ್ ಸಾಲದೇ? ಕಚೇರಿಗಳಲ್ಲಿ ಒಳಬರುವ ಪತ್ರದ ಪ್ರತಿ ಲಿಂಕನ್ನೂ ಮೊದಲೇ ತೆರೆದು ವೈರಸ್ ಇದೆಯೇ ನೋಡುವ ಸಾಫ್ಟ್‌ವೇರ್ ಇರುತ್ತದೆ. ಬರೀ ಲಿಂಕ್ ತೆರೆದರೇ ಹೆಸರು ತೆಗೆದುಹೋಗುವ ಹಾಗಿದ್ದರೆ ಆ ಸಾಫ್ಟ್‌ವೇರ್ ಸದಸ್ಯರಿಗೇ ತಿಳಿಯದಂತೆ ಅವರನ್ನು ಪಟ್ಟಿಯಿಂದ ಹೊರಹಾಕಿಬಿಡುತ್ತದೆ. ಅದಕ್ಕೇ 2017ರ ಮಾನದಂಡದಲ್ಲಿ, ಮನುಷ್ಯರು ಗುಂಡಿ ಒತ್ತಿದಾಗ ಮಾತ್ರ ಬೇರೆ ಬಗೆಯ ಕೋರಿಕೆ ಹೋಗಬೇಕು ಅಂತ ಮಾಡಿದರು. ಒಳ್ಳೆಯ ಮೇಲ್ ಸೇವೆಗಳೆಲ್ಲ ಇದನ್ನು ತಾವೇ ಸೇರಿಸುತ್ತವೆ. ನಿಮ್ಮ ಸೇವೆಯವರು ಸೇರಿಸುತ್ತಾರೆಯೇ ಅಂತ ಕೇಳಿ. ಹೊರಹೋದವರನ್ನು ಎರಡು ದಿನದೊಳಗೆ ತೆಗೆಯಬೇಕು ಎನ್ನುವುದು ಗೂಗಲ್ ನಿಯಮ. ಲಾಗಿನ್ ಆಗಿ, ಪಾಸ್‌ವರ್ಡ್ ಹಾಕಿ, ಕಾರಣ ಬರೆಯಿರಿ ಅಂತೆಲ್ಲ ಕಾಡಬೇಡಿ.

ಇನ್ನು ಪತ್ರದ ಬಗ್ಗೆ. ಕನ್ನಡದಲ್ಲಿ ಬರೆಯುವ ನಮಗೆ ಇಲ್ಲಿ ನಮ್ಮದೇ ಆದ ಕೆಲವು ತೊಡಕುಗಳಿವೆ.

ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿ ಬರೆದದ್ದನ್ನು ಹಾಗೇ ತಂದು ಮೇಲ್‌ಗೆ ಅಂಟಿಸಬೇಡಿ. ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅದು ಕನ್ನಡವಾಗಿ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕಿ-ಗೆರೆ ಎಳೆದ ಗೋಜಲು ಕಾಣುತ್ತದೆ. ಸ್ಪ್ಯಾಮ್ ಸೋಸುವ ಫಿಲ್ಟರಿಗೂ ಕಾಣುವುದು ಆ ಗೋಜಲೇ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಇದಕ್ಕೆ ಹೆದರಿಯೋ ಏನೋ, ಇಡೀ ಆಹ್ವಾನ ಪತ್ರಿಕೆಯನ್ನು ಒಂದೇ ಚಿತ್ರ ಮಾಡಿ ಕಳಿಸುವವರು ತುಂಬಾ ಜನ. ವಾಟ್ಸಾಪ್‌ನಲ್ಲಿ ಅದು ಸರಿ. ಇಮೇಲ್‌ನಲ್ಲಿ ಒಂದು ಸಾಲೂ ಬರಹವಿಲ್ಲದೆ ಬರೀ ಚಿತ್ರ ಇದ್ದರೆ ಫಿಲ್ಟರ್‌ಗಳಿಗೆ ಅನುಮಾನ. ಬರಹ ಓದುವ ಫಿಲ್ಟರ್‌ಗಳಿಂದ ತಪ್ಪಿಸಿಕೊಳ್ಳಲು ಸ್ಪ್ಯಾಮರ್‌ಗಳು ಹಿಂದೆ ಇದೇ ಉಪಾಯ ಮಾಡಿದ್ದರು. ಕಣ್ಣು ಕಾಣದ ಸದಸ್ಯರು ಸ್ಕ್ರೀನ್ ರೀಡರ್‌ನಲ್ಲಿ ಓದುವುದಾದರೂ ಹೇಗೆ? ದಿನಾಂಕ, ಸಮಯ, ಜಾಗ, ವಿಷಯ ಇಷ್ಟನ್ನು ಅಕ್ಷರಗಳಲ್ಲಿ ಬರೆದು, ಕೆಳಗೆ ಪೋಸ್ಟರ್ ಹಾಕಿ.

ಉದ್ದದ ಮಾತು. ಸುಮಾರು 102 ಕಿಲೋಬೈಟ್ ದಾಟಿದ ಪತ್ರವನ್ನು ಜಿಮೇಲ್ ಅರ್ಧಕ್ಕೆ ಕತ್ತರಿಸಿ, ಉಳಿದದ್ದು ಬೇಕಾದರೆ ಒತ್ತಿ ಅನ್ನುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ ನಾವು ಆ ಗೆರೆಯನ್ನು ಬೇಗ ಮುಟ್ಟುತ್ತೇವೆ. ಕತ್ತರಿಸಿಹೋಗುವ ಭಾಗದಲ್ಲೇ ಹೊರಹೋಗುವ ಲಿಂಕ್ ಇರುತ್ತದೆ. ಮುಂದೇನಾಗುತ್ತದೆ ಅಂತ ಈಗಾಗಲೇ ಹೇಳಿದ್ದೇನೆ.

ಲಿಂಕ್ ಚಿಕ್ಕದು ಮಾಡುವ ಸೇವೆಗಳನ್ನು ಬಳಸಬೇಡಿ. ಮೋಸಗಾರರೂ ಅದೇ ಸೇವೆ ಬಳಸುವುದರಿಂದ ಅವರ ಕಳಂಕ ನಿಮಗೂ ತಗಲುತ್ತದೆ. 'ಈ ವಿಳಾಸಕ್ಕೆ ಉತ್ತರಿಸಬೇಡಿ' ಅಂತಲೂ ಬರೆಯಬೇಡಿ. ಸದಸ್ಯರು ಉತ್ತರ ಬರೆಯುವುದಕ್ಕಿಂತ ಒಳ್ಳೆಯ ಗುರುತು ಬೇರೆ ಇಲ್ಲ.

ಕಾನೂನಿನ ಬಗ್ಗೆ ಚುಟುಕಾಗಿ. ಅಮೆರಿಕದಲ್ಲಿ ಕ್ಯಾನ್-ಸ್ಪ್ಯಾಮ್ ಎಂಬ 2003ರ ಕಾಯ್ದೆ ಇದೆ. ಅಲ್ಲಿನ ಕನ್ನಡ ಕೂಟಗಳು ಟಿಕೆಟ್ ಮಾರಾಟದ, ಜಾಹೀರಾತಿನ ಪತ್ರ ಕಳಿಸುವಾಗ ಅಂಚೆ ವಿಳಾಸ ಹಾಕಬೇಕು, ಬೇಡ ಅಂದವರನ್ನು 10 ಕೆಲಸದ ದಿನಗಳಲ್ಲಿ ಬಿಡಬೇಕು. ಮೊದಲೇ ಒಪ್ಪಿಗೆ ಪಡೆಯಬೇಕು ಅಂತ ಆ ಕಾಯ್ದೆ ಹೇಳುವುದಿಲ್ಲ. ಆದರೆ ಒಪ್ಪಿಗೆಯಿಲ್ಲದ ಪತ್ರವನ್ನು ಜಿಮೇಲ್ ಓದುಗರು ಸಹಿಸುವುದಿಲ್ಲ, ಕಾನೂನು ಪಾಲಿಸಿದ್ದೇವೆ ಅನ್ನುವುದು ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕಿರಿಕಿರಿಯ ಇಮೇಲ್‌ಗಳನ್ನೂ ಒಳಗೊಂಡಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಮಾತಿನ ಸ್ವಾತಂತ್ರ್ಯಕ್ಕೆ ಅದು ಬೇಕಾಗಿದ್ದ ತೀರ್ಪು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯುವ ಹಾಗಿರಬೇಕು ಅಂತ ಅದು ಹೇಳುತ್ತದೆ. ನನಗೆ ತುಂಬ ಇಷ್ಟವಾದ ಸಾಲು ಅದು.

ಇನ್ನು ಸಭಿಕರ ಪ್ರಶ್ನೆಗಳು.

"ಯಾರು ತೆರೆದು ಓದಿದರು ಅಂತ ನೋಡಿ, ಓದದವರನ್ನು ತೆಗೆದರೆ ಆಗಲ್ವಾ ಸಾರ್?" ಅಂತ ಒಬ್ಬರು ಕೇಳಿದರು. ಅದನ್ನೇ ನಂಬಬೇಡಿ. ತೆರೆದವರ ಲೆಕ್ಕ ಸಿಗುವುದು ಪತ್ರದೊಳಗಿನ ಚಿತ್ರ ಇಳಿದಾಗ. ಆಪಲ್ ಮೇಲ್ 2021ರಿಂದ, ಬಳಕೆದಾರರು ಒಪ್ಪಿದರೆ, ಪತ್ರದೊಳಗಿನ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಓದದಿದ್ದರೂ ಓದಿದ ಹಾಗೆ ಲೆಕ್ಕ ಬರುತ್ತದೆ. ಲಿಂಕ್ ಒತ್ತಿದವರು, ಉತ್ತರ ಬರೆದವರು, ಕಾರ್ಯಕ್ರಮಕ್ಕೆ ಬಂದವರು, ಈ ಲೆಕ್ಕ ಇಡಿ. ವರ್ಷವಿಡೀ ಯಾವ ಸುಳಿವೂ ಇಲ್ಲದವರಿಗೆ "ಇನ್ನೂ ಬೇಕಾ?" ಅಂತ ಒಮ್ಮೆ ಕೇಳಿ, ಉತ್ತರ ಬಾರದಿದ್ದರೆ ತೆಗೆಯಿರಿ.

"ವಾಟ್ಸಾಪ್ ಗ್ರೂಪ್ ಇರುವಾಗ ಇಮೇಲ್ ಯಾಕೆ?" ಎಂದರು ಇನ್ನೊಬ್ಬರು. ಗ್ರೂಪಿನಲ್ಲಿ ನಿಮ್ಮ ಮಹಾಸಭೆಯ ನೋಟಿಸು ಶುಭೋದಯಗಳ ಅಡಿಯಲ್ಲಿ ಹೂತುಹೋಗುತ್ತದೆ, ಸದಸ್ಯರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಮೂರು ವರ್ಷದ ನಂತರ ಹುಡುಕಿದರೆ ಸಿಗಬೇಕಾದ ಪತ್ರಕ್ಕೆ ಇಮೇಲೇ ವಾಸಿ.

ಕೊನೆಯಲ್ಲಿ ಒಬ್ಬರು ಹಿರಿಯರು ಕೇಳಿದರು: "ನಮ್ಮ ಸಂಘದ ಹೆಸರು ಈಗಾಗಲೇ ಕೆಟ್ಟಿದೆ, ಎಲ್ಲ ಸ್ಪ್ಯಾಮ್‌ಗೇ ಹೋಗುತ್ತಿದೆ. ಹೊಸ ಡೊಮೈನ್ ತಗೊಂಡ್ರೆ ಸರಿ ಹೋಗುತ್ತಾ?" ಹಳೆಯ ಪಟ್ಟಿಯನ್ನೇ ಇಟ್ಟುಕೊಂಡರೆ ಹೊಸ ಡೊಮೈನೂ ಬೇಗನೆ ಕೆಡುತ್ತದೆ. ಹೊಸ ಹೆಸರಿನಿಂದ ದಿಢೀರನೆ ಸಾವಿರಾರು ಪತ್ರ ಹೊರಟರೆ ಅನುಮಾನ ಇನ್ನೂ ಜಾಸ್ತಿ. ಇರುವ ಡೊಮೈನನ್ನೇ ಇಟ್ಟುಕೊಳ್ಳಿ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ಉಚಿತ, ಅದರಲ್ಲಿ ಡೊಮೈನ್ ಸೇರಿಸಿ. ಪತ್ರಗಳ ಸಂಖ್ಯೆ ತೀರಾ ಕಡಿಮೆ ಇದ್ದರೆ ಅಂಕಿ ಕಾಣದಿರಬಹುದು. ಕಂಡರೆ ದೂರಿನ ಪ್ರಮಾಣ ಅಲ್ಲೇ ಗೊತ್ತಾಗುತ್ತದೆ. ಮೊದಲು ಈಚೆಗೆ ಉತ್ತರ ಬರೆದ, ಸಭೆಗೆ ಬಂದ ಐವತ್ತು-ನೂರು ಜನಕ್ಕೆ ಮಾತ್ರ ಕಳಿಸಿ. "ಸ್ಪ್ಯಾಮ್‌ನಲ್ಲಿ ಕಂಡರೆ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿ, ಒಂದು ಸಾಲು ಉತ್ತರ ಬರೆಯಿರಿ" ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಕೆಲವು ವಾರ ಹೀಗೆ ನಡೆಸಿ. ದೂರು ಬಾರದಿದ್ದರೆ ಒಪ್ಪಿಗೆ ಕೊಟ್ಟ ಉಳಿದವರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ ಹೋಗಿ. ಮುಂದಿನ ರಾಜ್ಯೋತ್ಸವದ ಆಹ್ವಾನ ತಲುಪಬೇಕು ಅಂತಿದ್ದರೆ ಈ ಕೆಲಸ ಆಗಸ್ಟ್‌ನಲ್ಲೇ ಶುರು ಮಾಡಿ, ಅಕ್ಟೋಬರ್ ಕೊನೆಯ ವಾರಕ್ಕೆ ಬಿಡಬೇಡಿ.